ಅಪ್ಪ ತಂದ ಹೊಡೆದಾಟಗಳು

ಆ ದಿನಗಳು ಬಲು ಚಂದ ಇದ್ದವು ಎಂದು ಯಾರಾದರೂ ಹಲ್ಲು ಕಿರಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಬೀದರಿನ ಮೈಲೂರಿನಲ್ಲಿ ನಮ್ಮ ಮನೆಗೆ ಸಿಡಿ ಪ್ಲೇಯರ್ ಬಂದ ಬೇಸಿಗೆಯಲ್ಲಿ ನನಗೆ ಒಂಬತ್ತು, ಅಣ್ಣ ಪ್ರಕಾಶನಿಗೆ ಹದಿಮೂರು. ಅವ್ವ ನರ್ಸ್, ಬೆಳಿಗ್ಗೆ ರೊಟ್ಟಿ, ಶೇಂಗಾ ಹಿಂಡಿ ಮುಚ್ಚಿಟ್ಟು ಡ್ಯೂಟಿಗೆ ಹೋಗುತ್ತಿದ್ದಳು. ಗಾಂಧಿ ಗಂಜದ ಕಾಳಿನ ಪೇಟೆಯಿಂದ ಲಾರಿ ಓಡಿಸುತ್ತಿದ್ದ ಅಪ್ಪ ತೊಗರಿ ಧೂಳಿನ ವಾಸನೆಯ ಜೊತೆ ಹೈದರಾಬಾದಿನಿಂದ ಸಿಡಿಗಳನ್ನೂ ಹೊತ್ತು ತರುತ್ತಿದ್ದ. ಎಲ್ಲವೂ ಹೊಡೆದಾಟದ ಸಿನಿಮಾಗಳೇ. ಕಿಟಕಿಗೆ ಚಾದರ ಕಟ್ಟಿ, ಚುರುಮುರಿ ಮುಕ್ಕುತ್ತ ಇಡೀ ದಿನ ನೋಡುತ್ತಿದ್ದೆವು. ಅಣ್ಣನಿಗೆ ಕಥೆ ಬೇಡ. ರಕ್ತ ಬರುವ ಜಾಗವನ್ನೇ ಹಿಂದಕ್ಕೆ ತಿರುಗಿಸಿ ನಾಲ್ಕು ಸಲ ಹಾಕುತ್ತಿದ್ದ. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದ ನಾನು ಹದಿನೈದು ದಿನದಲ್ಲಿ ಅಗಿಯುತ್ತಲೇ ನೋಡತೊಡಗಿದೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ಆನಂದ ಗೋಲಿ ಆಡಲು ಕರೆದ. "ಗೋಲಿ ಬ್ಯಾಡ, ನೀ ವಿಲನ್ ಆಗು" ಎಂದ ಅಣ್ಣ ನನ್ನ ಕಡೆ ತಿರುಗಿ, "ಏ ತಂಗಿ, ಇವನ ಕೈ ಗಟ್ಟಿ ಹಿಡಿ" ಎಂದ. ಹಿಡಿದೆ. ಅಣ್ಣ ಬೀಸಿದ ಅಪ್ಪನ ಬೆಲ್ಟಿನ ಬಕಲ್ ಮೊದಲ ಏಟಿಗೇ ಆನಂದನ ಕಿವಿಗೆ ಬಡಿಯಿತು. "ಬಿಡ್ರೋ, ಸಾಕ್ರೋ" ಎಂದು ಅಳುತ್ತಿದ್ದ. ನಾನು ಬಿಡಲಿಲ್ಲ. ಆ ಕಿವಿ ಮತ್ತೆ ಕೇಳಲಿಲ್ಲ.

ಸಂಜೆ ಅವ್ವ ಅಪ್ಪನ ಮುಂದೆ ನಿಂತಳು. "ನೋಡ್ರಿ, ನೀವು ತಂದಿದ್ದು ನೋಡೇ ಪೋರ ಹಿಂಗ ಆಗ್ಯಾನ. ಆ ಡಬ್ಬಿ ಮೊದಲ ಹೊರಗ ಒಗೀರಿ."

"ಗಂಡಸ ಪೋರ ಹೊಡಿಲಾರ್ದ ಬಳಿ ಹಾಕೊಂಡು ಕೂಡ್ತಾನೇನು?" ಎಂದು ಅಪ್ಪ ನಕ್ಕ. ಮರುವಾರ ಮತ್ತೆ ಎರಡು ಸಿಡಿ ತಂದ.

ಹದಿನಾರಕ್ಕೆ ಅಣ್ಣನ ದಿಂಬಿನ ಕೆಳಗೆ ಕೆಮ್ಮಿನ ಔಷಧದ ಖಾಲಿ ಬಾಟಲಿಗಳು ಸಿಕ್ಕವು. "ನಿದ್ದಿ ಬರಂಗಿಲ್ಲವ್ವಾ, ಕಣ್ಣ ಮುಚ್ಚಿದ್ರ ಬರೇ ಹೊಡದಾಟ ಕಾಣಸ್ತದ" ಎಂದ. ಆಮೇಲೆ ಗಾಂಜಾ, ಗುಳಿಗೆ, ಶೆರೆ. ಇದಕ್ಕೆ ಒಂದೇ ಕಾರಣ ಹೇಳಲಾಗದು ಎಂದರು ಡಾಕ್ಟರು. ಅವರು ಆ ಬೇಸಿಗೆಯನ್ನು ನಮ್ಮ ಮನೆಯಲ್ಲಿ ಕಳೆದವರಲ್ಲ. ಎರಡು ಸಲ ಚಟ ಬಿಡಿಸುವ ಕೇಂದ್ರಕ್ಕೆ ಸೇರಿಸಿದೆವು. ಎರಡು ಸಲವೂ ಓಡಿ ಬಂದು ಅವ್ವನ ಮೇಲೆ ಕೈ ಮಾಡಿದ. ಅಪ್ಪ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ. ಅಪ್ಪನನ್ನು ನಾನು ಕ್ಷಮಿಸಿಲ್ಲ.

ಹೋದ ಭಾನುವಾರ ನಾನೂ ಮಗಳೂ ಚರ್ಚಿನಿಂದ ಬರುವಾಗ ಅಣ್ಣ ನಮ್ಮ ಮನೆಯ ಗೇಟಿನ ಬಳಿ ತೂರಾಡುತ್ತ ನಿಂತಿದ್ದ. ಅವಳ ಕಡೆ ಕೈ ಚಾಚಿ, "ಬಾರವ್ವಾ, ನಾ ನಿನ್ನ..." ಎಂದ.

"ಯಾರವ್ವಾ ಇವರು?" ಎಂದಳು ಮಗಳು. ಸೋದರಮಾವನ ಹೆಗಲೇರಿ ಊರು ತಿರುಗಬೇಕಾದ ವಯಸ್ಸು ಅವಳದು.

"ಯಾರೂ ಅಲ್ಲ. ನೀ ಒಳಗ ನಡಿ" ಎಂದೆ.

ಅಣ್ಣ ಹೌದೆಂಬಂತೆ ತಲೆಯಾಡಿಸಿದ. ನಾನು ಗೇಟಿನ ಚಿಲಕ ಹಾಕಿದೆ.