ತೊಳೆದು ಬಂದ ತಪಲೆ

ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಒಂದು ಸ್ಟೀಲಿನ ತಪಲೆಯಿದೆ. ಸೊಂಟದಲ್ಲಿ ಸಣ್ಣದೊಂದು ನೆಗ್ಗು. ಮುಚ್ಚಳ ಇನ್ನಾವುದೋ ಪಾತ್ರೆಯದು, ಆದರೂ ಬಹುಕಾಲದ ದಾಂಪತ್ಯದಿಂದ ಎರಡೂ ಹೊಂದಿಕೊಂಡುಬಿಟ್ಟಿವೆ. ಅದು ನನ್ನದೂ ಅಲ್ಲ, ಎರಡು ಗಲ್ಲಿ ಆಚೆ ಹೋಟೆಲಿಟ್ಟಿರುವ ಸದಾನಂದನದೂ ಅಲ್ಲ. ಊರಿನಿಂದ ಬಂದು ದೆಹಲಿಯ ಲಕ್ಷ್ಮೀ ನಗರದಲ್ಲಿ ಒಲೆ ಹೂಡಿದ ನನ್ನ ಸೋದರಮಾವನೂ ಸದಾನಂದನ ತಂದೆಯೂ ಮಾಡಿಕೊಂಡ ಒಂದು ಒಪ್ಪಂದಕ್ಕೆ ಸೇರಿದ್ದು.

ದೆಹಲಿಯ ಚಳಿಗೆ ಇಡ್ಲಿ ಹಿಟ್ಟು ಉಬ್ಬುವುದಿಲ್ಲ ಎಂಬ ಸಂಗತಿ, ಮಿತ್ರರೇ, ಕರಾವಳಿಯಲ್ಲಿ ಕುಳಿತು ಊಹಿಸುವುದು ಕಷ್ಟ. ನನ್ನ ಉಗ್ರಾಣದ ಗೋಡೆಯಾಚೆ ಪಕ್ಕದವರ ತಂದೂರು ಇರುವುದರಿಂದ ಜನವರಿಯಲ್ಲೂ ನಮ್ಮ ಹಿಟ್ಟು ನಿದ್ದೆಯಿಂದ ಎದ್ದ ಮಗುವಿನಂತೆ ತಾನಾಗಿ ಮೇಲೇಳುತ್ತದೆ. ಸದಾನಂದನಿಗಿರುವುದು ತಣ್ಣನೆಯ ನೆಲಮಾಳಿಗೆ. ಜೂನ್ ತಿಂಗಳ ಉರಿಯಲ್ಲಿ ನನ್ನ ಹಿಟ್ಟು ಹುಳಿದು ಹೋಗದಂತೆ ಕಾಯುವುದು ಅದೇ. ಹಾಗಾಗಿ ಚಳಿಗಾಲದಲ್ಲಿ ಪ್ರತಿ ಸಂಜೆ ನಾನು ಅವನಿಗೆ ಒಂದು ತಪಲೆ ಉಬ್ಬಿದ ಹಿಟ್ಟು ಕಳಿಸಬೇಕು, ಅವನು ಅದನ್ನು ತನ್ನ ಹಿಟ್ಟಿಗೆ ಬೆರೆಸಿಕೊಳ್ಳಬೇಕು. ಬೇಸಿಗೆಯಲ್ಲಿ ಅವನ ನೆಲಮಾಳಿಗೆ ನನ್ನದು. ಒಬ್ಬನ ಹಿಟ್ಟು ಕೆಟ್ಟರೆ ಇಬ್ಬರದೂ ಕೆಟ್ಟಂತೆ ಎಂದು ಹಿರಿಯರು ಬಾಯಿಮಾತಿನಲ್ಲೇ ಹೇಳಿಕೊಂಡರು. ಜೊತೆಗೆ ಒಂದು ನಿಯಮ: ತಪಲೆಯನ್ನು ತೊಳೆಯದೆ, ತಳದಲ್ಲಿ ಒಂದು ಹಿಡಿ ಹಿಟ್ಟು ಉಳಿಸಿಯೇ ಮರಳಿಸಬೇಕು. ಉಳಿದ ಹಿಡಿ ಎಂದರೆ ನಾಳೆಯೂ ಬೇಕು ಎಂದರ್ಥ. ತೊಳೆದು ಕೊಟ್ಟರೆ ಋಣ ತೀರಿತು, ಇನ್ನು ಬೇಡ ಎಂದರ್ಥ.

ಈ ಜನವರಿಯ ಒಂದು ಬೆಳಿಗ್ಗೆ ತಪಲೆ ಕನ್ನಡಿಯಂತೆ ಹೊಳೆಯುತ್ತಾ ಬಂತು.

ನಾನು ಅದರಲ್ಲಿ ನನ್ನ ಮುಖ ನೋಡಿಕೊಂಡೆ, ಚೆನ್ನಾಗಿ ಕಾಣಲಿಲ್ಲ. ಆ ಸಂಜೆ ಹಿಟ್ಟು ಕಳಿಸಲಿಲ್ಲ, ಮರುದಿನವೂ ಇಲ್ಲ. "ಫೋನ್ ಮಾಡಿ ಕೇಳಿದ್ರೆ ನಿಮ್ಮ ಮೀಸೆ ಉದುರ್ತದಾ?" ಎಂದು ನನ್ನ ಹೆಂಡತಿ ಸುಮಿತ್ರಾ ಕೇಳಿದಳು. ಉದುರುತ್ತದೆ ಎಂದೇ ನನಗನ್ನಿಸಿತ್ತು.

ಹತ್ತು ದಿನ ಕಳೆದ ಮೇಲೆ ಕರ್ನಲ್ ಮಾಚಯ್ಯನವರು ಬಂದರು. ಕೊಡಗಿನವರು, ನಿವೃತ್ತರು, ಇಡ್ಲಿಗಾಗಿ ಗ್ರೇಟರ್ ನೋಯ್ಡಾದಿಂದ ಕಾರೋಡಿಸಿಕೊಂಡು ಬರುವ ಧೀರರು. "ಏಳ್ರೀ, ಇವತ್ತು ಒಂದು ಒಳ್ಳೆ ಚರ್ಚೆ ಇದೆ, ಚಹಾನೂ ಕೊಡ್ತಾರೆ" ಎಂದು ನನ್ನನ್ನು ನಡುದೆಹಲಿಯ ಒಂದು ಸಭಾಂಗಣಕ್ಕೆ ಎಳೆದೊಯ್ದರು. ವಿಷಯ: ಸಮುದ್ರದಾಚೆಯ ಒಂದು ಹಳೆಯ ಸೇನಾ ಮೈತ್ರಿಕೂಟ, ಅದರ ಬದಲಾದ ಸವಾಲುಗಳು, ಹೊಸ ತಂತ್ರಗಳು.

ನಿವೃತ್ತ ರಾಯಭಾರಿಯೊಬ್ಬರು ನಕ್ಷೆ ತೋರಿಸಿದರು. ಹಿಂದೆ ಭಯವಿದ್ದದ್ದು ಗಡಿ ದಾಟುವ ಟ್ಯಾಂಕುಗಳದ್ದು. ಈಗ ಕಡಲಡಿಯ ಕೇಬಲ್ ಕಡಿಯುವವರದ್ದು, ಡ್ರೋನುಗಳದ್ದು, ವದಂತಿ ಹಬ್ಬಿಸುವವರದ್ದು ಎಂದರು. ಸಭಿಕರೊಬ್ಬರು ಎದ್ದು, ತಮ್ಮದು ಪ್ರಶ್ನೆಯಲ್ಲ, ಬರೀ ಟಿಪ್ಪಣಿ ಎಂದು ಆರಂಭಿಸಿ, ತಮ್ಮ ವಿದೇಶ ಪ್ರವಾಸವನ್ನೆಲ್ಲ ಮುಗಿಸಿದರು. "ಈ ಟಿಪ್ಪಣಿಗೇ ಒಂದು ಬೆಟಾಲಿಯನ್ ಬೇಕು" ಎಂದು ಕರ್ನಲ್ ಪಿಸುಗುಟ್ಟಿದರು. ಆಮೇಲೆ ಮಾತನಾಡಿದ ಪ್ರಾಧ್ಯಾಪಕಿ ಮಾತ್ರ ಮೆಲುದನಿಯಲ್ಲಿ ಹೇಳಿದ ಒಂದು ಸಂಗತಿ ನನ್ನ ಕೈಯಲ್ಲಿದ್ದ ಚಹಾವನ್ನು ಆರಿಸಿಬಿಟ್ಟಿತು. ಕೂಟ ಕಟ್ಟಿದ್ದು ಯಾಕೆಂದು ನೆನಪಿದ್ದವರು ಒಬ್ಬೊಬ್ಬರಾಗಿ ಮೇಜು ಬಿಟ್ಟು ಎದ್ದುಹೋದಾಗಲೇ ಅದಕ್ಕೆ ನಿಜವಾದ ಅಪಾಯ; ಆಗ ಒಬ್ಬರ ಮೌನವನ್ನು ಇನ್ನೊಬ್ಬರು ತಮಗೆ ತೋಚಿದಂತೆ ಓದಿಕೊಳ್ಳುತ್ತಾರೆ.

ಹಿಂದಿರುಗುವಾಗ ಯಮುನೆಯ ಸೇತುವೆಯ ಮೇಲೆ ವಾಹನಗಳ ಸಾಲು ನಿಂತಿತ್ತು. ಕರ್ನಲ್ ಸಹಜವಾಗಿ ಹೇಳಿದರು: "ಹೋದ ವಾರ ನಿಮ್ಮ ಸದಾನಂದನಲ್ಲಿ ಇಡ್ಲಿ ತಿಂದೆ. ಗಡಿಗೆ ಕಳಿಸಬಹುದಿತ್ತು, ಅಷ್ಟು ಗಟ್ಟಿ. ಮೊನ್ನೆ ನೋಡಿದ್ರೆ ಬೋರ್ಡಿನಿಂದಲೇ ಅಳಿಸಿದ್ದಾನೆ. ಕೋಚಿಂಗ್ ಕ್ಲಾಸಿನ ಮಕ್ಕಳೆಲ್ಲ ಎದುರಿನ ಪರಾಠೆಯವನ ಹತ್ರ."

ಇಡ್ಲಿಯಿಲ್ಲದ ಸದಾನಂದನ ಹೋಟೆಲು! ಅವನ ತಂದೆಯ ಹೆಸರು ಉಳಿದಿದ್ದೇ ಆ ಬಿಳಿಯ ತುಂಡಿನ ಮೇಲೆ. ಅದನ್ನು ಅಳಿಸಿದ್ದು ಚಳಿಯೂ ಅಲ್ಲ, ಪರಾಠೆಯವನೂ ಅಲ್ಲ, ನಾನು.

ಕಾರಿನಿಂದಿಳಿದವನು ನೇರ ಅಲ್ಲಿಗೇ ಹೋದೆ. ಸದಾನಂದ ಗಲ್ಲಾದಲ್ಲಿ ಮಫ್ಲರ್ ಸುತ್ತಿಕೊಂಡು ಕುಳಿತಿದ್ದ.

"ಬಂದ್ಯಾ? ಮಾರ್ಚಿಗೆ ಬೀಗ ಹಾಕುವಾಂತ ಉಂಟು, ಆಮೇಲೆ ಬರ್ತೀಯೇನೋ ಅಂದ್ಕೊಂಡಿದ್ದೆ" ಎಂದ.

"ತಪಲೆ ತೊಳೆದು ಕಳಿಸಿದವ ನೀನು ಮಾರಾಯಾ!"

"ನಾನಾ? ಹಿಟ್ಟು ನಿಲ್ಲಿಸಿದವ ನೀನು!"

ಅಡುಗೆಮನೆಯಿಂದ ಅವನ ಸೊಸೆ ಮೇಘಾ ಕೈಯೊರೆಸಿಕೊಳ್ಳುತ್ತಾ ಹೊರಬಂದಳು. ದೆಹಲಿಯಲ್ಲೇ ಬೆಳೆದವಳು, ಡಿಸೆಂಬರಿನಲ್ಲಿ ಮದುವೆಯಾಗಿ ಬಂದು ಜನವರಿಯಲ್ಲಷ್ಟೇ ಅಡುಗೆಮನೆಯ ಹೊಣೆ ಹೊತ್ತಿದ್ದಳು. "ಅಂಕಲ್, ಧೋಯಾ ತೋ ಮೈನೇ ಥಾ, ತೊಳೆದದ್ದು ನಾನೇ. ಬೇರೆಯವರ ಪಾತ್ರೆ ಹಾಗೇ ಗಂದಾ ಕೊಡೋದಾ? ಮಮ್ಮಿ ಬೈತಾರೆ!"

ಸದಾನಂದ ನನ್ನನ್ನು ನೋಡಿದ, ನಾನು ಅವನನ್ನು. ಅವಳಿಗೆ ನಿಯಮ ಹೇಳಿದವರು ಯಾರು? ಅವನು ಹೇಳಿರಲಿಲ್ಲ. ಯೋಚಿಸಿದರೆ, ನನ್ನ ಮನೆಯಲ್ಲೂ ನಾನು ಯಾರಿಗೂ ಹೇಳಿಲ್ಲ. ಮಾತಿಲ್ಲದೆ ನಡೆದದ್ದನ್ನೇ ಗಟ್ಟಿತನವೆಂದು ತಿಳಿದು, ಆ ಮೌನವನ್ನು ಆಸ್ತಿಯ ಹಾಗೆ ಕಾದುಕೊಂಡು ಬಂದಿದ್ದೆವು. ಮಾವನ ಮಾತು ಕಲಿತೆ, ಗಾದೆ ಕಲಿತೆ, ಹದ ಕಲಿತೆ. ಕಲಿತದ್ದನ್ನು ಕೈ ದಾಟಿಸುವುದನ್ನು ಮರೆತೆ.

ಕಥೆಯನ್ನೆಲ್ಲ ಕೇಳಿ ಮೇಘಾ, "ಅಚ್ಛಾ, ಹಾಗಾ?" ಎಂದಳು, ನಕ್ಕಳು, ಆಮೇಲೆ ತಳದಲ್ಲಿ ಒಣಗುವ ಹಿಟ್ಟು ಮಾತ್ರ ತನಗೆ ಒಪ್ಪಿಗೆಯಿಲ್ಲವೆಂದು ಖಡಾಖಂಡಿತ ಹೇಳಿದಳು. ನಾವಿಬ್ಬರು ಮುದುಕರು ವಾದಿಸಲಿಲ್ಲ. ಆ ಸಂಜೆಯೇ ತಂದೂರಿನ ಗೋಡೆಯಿಂದ ತಪಲೆ ತುಂಬಿ ಹೋಯಿತು, ಎರಡನೆಯ ಬೆಳಿಗ್ಗೆ ಬೋರ್ಡಿನ ಮೇಲೆ ಇಡ್ಲಿ ಎಂಬ ಎರಡಕ್ಷರ ಸೀಮೆಸುಣ್ಣದಲ್ಲಿ ಮರಳಿ ಬಂತು.

ಅದೇ ದಿನ ತಪಲೆಯೂ ಮರಳಿತು. ಮತ್ತೆ ಕನ್ನಡಿಯಂತೆ ತೊಳೆದದ್ದೇ! ಮುಚ್ಚಳ ತೆಗೆದರೆ ಒಳಗೊಂದು ಪುಟ್ಟ ಸ್ಟೀಲ್ ಡಬ್ಬಿ. ಅದರೊಳಗೆ, ಸಣ್ಣ ಗುಳ್ಳೆಗಳೇಳುತ್ತಾ, ಹುಳಿಯಾಗಿ ಘಮಗುಡುತ್ತಾ, ಒಂದು ಹಿಡಿ ಹಿಟ್ಟು. ಸುಮಿತ್ರಾಳನ್ನೂ ನಮ್ಮ ಅಡುಗೆಯವರನ್ನೂ ಕರೆದು ತೋರಿಸಿದೆ, ಅರ್ಥವನ್ನು ಈ ಸಲ ಬಾಯಿಬಿಟ್ಟೇ ಹೇಳಿದೆ. ಆ ಹಿಡಿಯನ್ನು ನಮ್ಮ ಹಿಟ್ಟಿಗೆ ಸುರಿದು, ಸಂಜೆ ತಪಲೆ ತುಂಬಿಸಿ, ಡಬ್ಬಿಯನ್ನೂ ಜೊತೆಗೆ ಕಳಿಸಿದೆ.

ಡಬ್ಬಿಯನ್ನು ಮಾತ್ರ ನಾನು ತೊಳೆಯಲಿಲ್ಲ.