ಮಾರಮ್ಮ ಎಡಗಡೆ ಹೂ ಕೊಟ್ಟ ಡೈವ್‌ಮಾಸ್ಟರ್

ನನ್ನ ಜಾತಕದಲ್ಲಿ ಜಲಕಂಟಕ ಇದೆಯಂತೆ. ಹುಟ್ಟಿದ ಹೊಸದರಲ್ಲೇ ಯಾರೋ ಪಂಚಾಂಗ ತಿರುವಿ ಹೇಳಿದ ಮಾತು. ಹೇಳಿದವರು ದಕ್ಷಿಣೆ ಇಸಿದುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದರು, ಮಾತು ಮಾತ್ರ ಬೇಗೂರಿನ ನಮ್ಮ ಮನೆಯಲ್ಲೇ ಉಳಿಯಿತು. ಕೆರೆ ಏರಿಯ ಮೇಲೆ ನಾನು ಕಾಲಿಡುವಂತಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟದಲ್ಲಿ ಮಂಜು ಕವಿದರೆ ಅವ್ವ ಸೆರಗನ್ನು ನನ್ನ ತಲೆಗೆ ಸುತ್ತುತ್ತಿದ್ದಳು. "ಮಂಜೂ ನೀರೇ ತಾನೆ" ಎಂಬುದು ಅವಳ ವಿಜ್ಞಾನ. ಆ ದನಿಯನ್ನು ಅವಳೆದುರೇ ಅಣಕಿಸಿ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಇಂಥ ಮಗ ಹೋಗಿ ಸೇರಿದ್ದು ಸಮುದ್ರಕ್ಕೆ. ಟೂರಿಸ್ಟ್ ಟೆಂಪೋದ ಕ್ಲೀನರ್ ಆಗಿ ಮುರುಡೇಶ್ವರಕ್ಕೆ ಹೋದವನು ಅಲ್ಲಿನ ಒಂದು ಡೈವಿಂಗ್ ಶಾಲೆಯ ದೋಣಿಯಲ್ಲಿ ಸಿಲಿಂಡರ್ ಎತ್ತಿಡುವ ಕೆಲಸಕ್ಕೆ ನಿಂತೆ. ಈಜು ಕಲಿತದ್ದೂ ಅಲ್ಲೇ. ಮೊದಲ ಹಂತ ಓಪನ್ ವಾಟರ್. ಅದಾದರೆ ಜೊತೆಗಾರನೊಂದಿಗೆ ಹದಿನೆಂಟು ಮೀಟರ್‌ವರೆಗೆ ಇಳಿಯಬಹುದು. ಮುಖಕ್ಕೆ ಹಾಕುವ ಮಾಸ್ಕಿನೊಳಗೆ ನೀರು ತುಂಬಿಸಿಕೊಂಡು ಮೂಗಿನಿಂದ ಊದಿ ಹೊರಹಾಕುವುದು ಅಲ್ಲಿನ ಅಆಇಈ. ನಾನು ಊದುವ ಬದಲು ಎಳೆದುಕೊಂಡೆ. ಸೊಂಟದಷ್ಟು ನೀರಿನ ಕೊಳದಲ್ಲಿ ತಾಯಿ ಕಾಣದ ಕರುವಿನಂತೆ ಕೂಗುತ್ತ ಎದ್ದೆ. ಆ ಕೂಗನ್ನು ಕೇಳಬೇಕು ಎಂದವರಿಗೆಲ್ಲ ಈಗಲೂ ಮಾಡಿ ತೋರಿಸುತ್ತೇನೆ, ಬೇರೆಯವರು ಮಾಡಿದರೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಎರಡನೆಯದು ಅಡ್ವಾನ್ಸ್ಡ್: ಮೂವತ್ತು ಮೀಟರ್ ಆಳ, ದಿಕ್ಸೂಚಿ ಹಿಡಿದು ದಾರಿ ಹುಡುಕುವುದು. ಮೂರನೆಯದು ರೆಸ್ಕ್ಯೂ: ಗಾಬರಿಬಿದ್ದವನನ್ನು ಮೇಲೆ ತರುವುದು. ಅದರ ಅಭ್ಯಾಸಕ್ಕೆ ಸರದಿಯಂತೆ ಒಬ್ಬರು ಗಾಬರಿಬಿದ್ದವರ ಪಾತ್ರ ಮಾಡಬೇಕು. ನನ್ನ ಸರದಿ ಬಂದಾಗ ನಾನು ನಮ್ಮ ದೊಡ್ಡಪ್ಪನನ್ನು ಮಾಡಿದೆ. ದೊಡ್ಡಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು. ಚಾಮರಾಜನಗರದ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಅವರ ಅಂಗಿಯೊಳಗೆ ಕಣಜ ಹೊಕ್ಕಾಗ ಅವರು ಕೈಕಾಲು ಬಡಿದ ರೀತಿಯನ್ನು ಹಾಗೇ ಸಮುದ್ರಕ್ಕೆ ಇಳಿಸಿದೆ. ಉಳಿಸಲು ಬಂದ ಹುಡುಗನ ಮಾಸ್ಕೇ ಕಿತ್ತು ಬಂತು. "ಇಷ್ಟು ಲಾಯ್ಕ ಮುಳುಗುವವನನ್ನು ನಾನು ಕಾಣಲೇ ಇಲ್ಲ ಮಾರಾಯ" ಎಂದರು ನಮ್ಮ ಮೇಷ್ಟ್ರು.

ಈ ಮೂರರಲ್ಲಿ ಒಂದೊಂದನ್ನೂ ಮುಗಿಸಿ ಊರಿಗೆ ಬಂದ ಮೇಲೇ ಮನೆಯಲ್ಲಿ ಹೇಳುತ್ತಿದ್ದೆ. ಜೀವಂತ ಎದುರಿಗೆ ನಿಂತವನನ್ನು ಬೈದು ಏನು ಪ್ರಯೋಜನ ಎಂದು ಅವ್ವ ತಟ್ಟೆಗೆ ಮುದ್ದೆ ಹಾಕುತ್ತಿದ್ದಳು. ನಾಲ್ಕನೆಯದು ಡೈವ್‌ಮಾಸ್ಟರ್. ಅಲ್ಲಿಂದಾಚೆ ಅದು ಹವ್ಯಾಸವಲ್ಲ, ವೃತ್ತಿ. ನಾನು ಇಳಿದರೆ ನನ್ನನ್ನು ನಂಬಿ ಹಿಂದೆ ನಾಲ್ಕು ಜನ ಇಳಿಯುತ್ತಾರೆ. ಅಂಥ ಕೆಲಸಕ್ಕೆ ಹೋಗುವವನು ಮನೆಯಲ್ಲಿ ಮುಂಚೆಯೇ ಹೇಳಿ ಹೋಗಬೇಕು ಅನ್ನಿಸಿತು. ಅವ್ವನ ಒಪ್ಪಿಗೆ ಬೇಕು ಅನ್ನಿಸಿತು. ಮಳೆಗಾಲಕ್ಕೆ ದೋಣಿಗಳು ದಡ ಸೇರಿದ್ದವು. ಊರಿಗೆ ಬಂದು, ಅವ್ವ ಮುದ್ದೆ ತೊಳಸುತ್ತಿದ್ದಾಗ ಹೇಳಿದೆ.

"ಅಂಗಂದ್ರೆ ಇನ್ಮೇಲೆ ಅದೇ ಕೆಲ್ಸವಾ?"

"ಅದೇ ಕಣವ್ವ. ಮಳೆ ನಿಂತೇಟ್ಗೆ ಓಯ್ತೀನಿ."

"ಭೂಮಿ ಮೇಲೆ ಕೆಲ್ಸ ಸಿಕ್ನಿಲ್ವಾ ನಿಂಗೆ?"

ಕೇರಳದ ಬತ್ತೇರಿಯಲ್ಲಿ ಗಾರೆ ಕೆಲಸಕ್ಕಿದ್ದ ಅಪ್ಪನಿಗೆ ಫೋನ್ ಮಾಡಿದೆ. "ನಿಮ್ಮವ್ವ ಏನಂದ್ಳು?" ಎಂದು ಕೇಳಿ, ನಾನು ಹೇಳುವುದರೊಳಗೆ "ಅಂಗಾರೆ ಅದೇಯಾ" ಎಂದು ಇಟ್ಟರು. ಉಳಿದವರು ದೊಡ್ಡಪ್ಪ. ಜಗಲಿಯಲ್ಲಿ ಕೂತು ಅವ್ವನಿಗೆ ಬಿಡಿಸಿ ಹೇಳಿದರು.

"ಇದು ಲೈಸೆನ್ಸ್ ಇದ್ದಂಗೆ ಕಣವ್ವ. ಮೊದ್ಲುದ್ದು ಬೈಕ್‌ಗೆ. ಎರಡ್ನೇದು ಕಾರ್‌ಗೆ. ಮೂರ್ನೇದು, ದಾರೀಲಿ ಯಾರಾದ್ರೂ ಬಿದ್ದಿದ್ರೆ ಎತ್ತಾದು. ಈ ನಾಕ್ನೇದು ಅದಲ್ಲ, ಅದು ಬ್ಯಾಡ್ಜು. ಪ್ಯಾಸೆಂಜರ್ ಕುಂಡ್ರುಸ್ಕಂಡು ಓಡ್ಸೋದು. ಇನ್ನೂ ಮೇಲ್ಕೋದ್ರೆ ಇನ್ಸ್‌ಟ್ರಕ್ಟರ್, ಡ್ರೈವಿಂಗ್ ಸ್ಕೂಲ್ ಮಡ್ಗಿದಂಗೆ."

"ನೀವು ಬಸ್ ಓಡ್ಸುವಾಗ ಉಸ್ರಾಡ್ತಿದ್ರಲ್ಲ ಭಾವ" ಎಂದಳು ಅವ್ವ.

ದೊಡ್ಡಪ್ಪ ತಮ್ಮ ಗಾಡಿಯನ್ನು ಅಲ್ಲೇ ಬದಿಗೆ ಹಾಕಿದರು. ಅವ್ವ ಕೈ ಒರೆಸಿಕೊಂಡು ಎದ್ದಳು. "ಮಂಗ್ಳಾರ ಹೂ ಕೇಳನ. ಅಮ್ಮ ಹೂಂ ಅಂದ್ರೆ ಓಗು."

ನಮ್ಮ ಕಡೆ ಮದುವೆಗೂ ಕೊಳವೆಬಾವಿಗೂ ಹೀಗೇ ಕೇಳುತ್ತಾರೆ. ಪೂಜಾರಪ್ಪ ಹೂವನ್ನು ನೀರಿನಲ್ಲಿ ಅದ್ದಿ ಮಾರಮ್ಮನ ಎರಡೂ ಕಡೆಗೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಮಂಗಳವಾರ ಗುಡಿಯ ಬಾಗಿಲಲ್ಲಿ ದೊಡ್ಡಪ್ಪ ನನ್ನ ಕಿವಿಯಲ್ಲಿ, "ಬೆಳಗ್ಗೇನೇ ಬಂದು ಪೂಜಾರಪ್ಪನ ತಾವ ಮಾತಾಡಿವ್ನಿ ಕಣ್ಲಾ. ಬಲಗಡೇದ ಅಂಟುಸ್ದೆ ಸುಮ್ಕೆ ಮುಟ್ಸಿ ಬುಟ್ಟವ್ರೆ" ಎಂದರು. ನಾನು ಕೇಳಿರದ ಉಪಕಾರ. ಚಪ್ಪಲಿ ಬಿಟ್ಟು ಒಳಗೆ ನಡೆದೆ.

ಅವ್ವ ಕಣ್ಣು ಮುಚ್ಚಿ ಕೈಮುಗಿದಳು. ಪೂಜಾರಪ್ಪ ಗಂಟೆ ಬಾರಿಸಿದರು. ಸುಮ್ಮನೆ ಮುಟ್ಟಿಸಿಟ್ಟ ಬಲಗಡೆಯ ಹೂವು ದನದ ಮೈಯ ಉಣ್ಣಿಯಂತೆ ಕಚ್ಚಿ ಕೂತಿತು. ಎಡಗಡೆಯದು ತೊಪ್ಪನೆ ಬಿತ್ತು. ಪೂಜಾರಪ್ಪ ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಗುಡಿಯ ತೊಲೆ ನೋಡಿದರು.

ನನಗೆ ಜಲಕಂಟಕ ನೆನಪಾಯಿತು. ಊರನ್ನೆಲ್ಲ ನಗಿಸುವವನಿಗೂ ಜಾತಕ ಒಂದಿರುತ್ತದೆ. ರೆಸ್ಕ್ಯೂನಲ್ಲಿ ಮೊದಲು ಕಲಿಸಿದ್ದು ಇದನ್ನೇ: ಗಾಬರಿಯಾದರೆ ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಕೈ ಹಾಕು. ನಿಂತೆ. ಉಸಿರಾಡಿದೆ.

"ಮುಂದ್ಲ ಮಂಗ್ಳಾರ ಇನ್ನೊಂದ್ಸಲ ಕೇಳನ ಬುಡು" ಎಂದರು ದೊಡ್ಡಪ್ಪ. "ಅಮ್ಮ ಇವತ್ತು ಮುನ್ಸ್ಕಂಡವ್ಳೆ." ಎಷ್ಟೋ ಜನ ಮೂರು ಮೂರು ಸಲ ಕೇಳುತ್ತಾರೆ ಎಂದು ಪೂಜಾರಪ್ಪನೂ ದನಿಗೂಡಿಸಿದರು.

"ಬ್ಯಾಡ ದೊಡ್ಡಪ್ಪ. ಬಲಕ್ಕೆ ಬೀಳೋಗಂಟ ಕೇಳಾದಾದ್ರೆ ಅಮ್ಮನ್ನ ಯಾಕೆ ಕೇಳ್ಬೇಕು? ಅವ್ಳು ಏಳಾದ ಏಳವ್ಳೆ. ನಾನು ಓಗಾದು ಓಯ್ತೀನಿ."

ಅವ್ವ ಕಣ್ಣು ಬಿಟ್ಟಳು. "ದೇವ್ರು ಬ್ಯಾಡ ಅಂದ್ಮೇಲೂವಾ?"

"ಬ್ಯಾಡ ಅಂದ್ಮೇಲೂವೆ ಕಣವ್ವ."

ಮನೆ ದಾರಿಯಲ್ಲಿ ಅವಳಿಗೆ ಸಮುದ್ರದ ಒಂದು ಕಟ್ಟಳೆ ಹೇಳಿದೆ. ದೋಣಿಯ ಅಂಚಿಗೆ ಬಂದು ಕೂತ ಮೇಲೂ ಯಾರು ಬೇಕಾದರೂ 'ಇವತ್ತು ನಾನು ಇಳಿಯಲ್ಲ' ಅನ್ನಬಹುದು. ಯಾರೂ ಕಾರಣ ಕೇಳುವಂತಿಲ್ಲ, ನಗುವಂತಿಲ್ಲ. (ನಗದೆ ಇರುವುದನ್ನು ಕಲಿಯಲು ನನಗೆ ಓಪನ್ ವಾಟರ್‌ಗಿಂತ ಹೆಚ್ಚು ಸಮಯ ಹಿಡಿಯಿತು.) ಆದರೆ ಆ ಮಾತನ್ನು ನೀರಿಗಿಳಿಯುವವನೇ ಹೇಳಬೇಕು. ದಡದಲ್ಲಿ ನಿಂತವರು ಅವನ ಪರವಾಗಿ ಹೇಳುವಂತಿಲ್ಲ.

"ಅಂಗಾರೆ ನಾನು ದಡದಲ್ ನಿಂತೋಳಾ?" ಎಂದಳು.

"ಊಂ ಕಣವ್ವ."

ಮಾತು ಕಟುವಾಗಿತ್ತು. ತಮಾಷೆ ಸೇರಿಸಿ ಮೆತ್ತಗೆ ಮಾಡಬಹುದಿತ್ತು, ಅದು ನನಗೆ ಬರುವ ಒಂದೇ ವಿದ್ಯೆ. ಮಾಡಲಿಲ್ಲ. ಮಾಡಿದ್ದರೆ ನಾನು ಮನಸ್ಸು ಬದಲಿಸಬಹುದು ಎಂದುಕೊಳ್ಳುತ್ತಿದ್ದಳು.

ಮಳೆ ನಿಂತಿತು. ಹೊರಡುವ ಬೆಳಿಗ್ಗೆ ಕಾಲು ಮುಟ್ಟಲು ಬಗ್ಗಿದರೆ ಅವ್ವ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಅವಳ ಕಾಲಿದ್ದ ಜಾಗದ ನೆಲವನ್ನೇ ಮುಟ್ಟಿ ಕಣ್ಣಿಗೊತ್ತಿಕೊಂಡೆ.

"ಬತ್ತೀನಿ ಕಣವ್ವ."

"ಮಾರಮ್ಮ ಕೇಳುದ್ರೆ ಏನಂತ ಏಳನ್ಲಾ ನಾನು?"

"ನನ್ ಮಗ ಮಾತ ಕೇಳ್ನಿಲ್ಲ ಅಂತ ಏಳು."

"ಅದ ಅವ್ಳೂ ಕಂಡವ್ಳೆ ಬುಡು."

ಅದರಲ್ಲಿ ಒಪ್ಪಿಗೆ ಎಲ್ಲೂ ಇರಲಿಲ್ಲ. ಇತ್ತು ಎಂದು ನನಗೆ ನಾನೇ ಹೇಳಿಕೊಳ್ಳಲೂ ಹೋಗಲಿಲ್ಲ. ಚೀಲ ಹೆಗಲಿಗೇರಿಸಿ ಹೈವೇ ಕಡೆ ನಡೆದೆ. ಆ ಸೀಸನ್ ಮುಗಿಯುವ ಮೊದಲೇ ಡೈವ್‌ಮಾಸ್ಟರ್ ಆದೆ.