ಬಾಯಿ ತೆರೆದರೆ ಡಬ್ಬಿ ತೆರೆ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಹಿತ್ತಾಳೆಯ ಬುತ್ತಿ ಡಬ್ಬಿಯೊಂದಿದೆ. ಮುಚ್ಚಳದ ಒಂದು ಬದಿ ನೆಗ್ಗಿದೆ, ಕೊಂಡಿ ಸಡಿಲವಾಗಿದೆ, ಒಳಗಿನ ಕಲಾಯಿ ಹೋಗಿ ಎಷ್ಟೋ ಕಾಲವಾದ್ದರಿಂದ ಹುಳಿಯ ಪದಾರ್ಥವನ್ನು ಅದರಲ್ಲಿ ಇಡುವಂತಿಲ್ಲ. ಸದ್ಯಕ್ಕೆ ಅದು ಮೆಂತ್ಯದ ಕಾಳಿನ ಮನೆ. ಹಳೆಯ ಪಾತ್ರೆಗೆ ಹೊಸ ಪಾತ್ರೆ ಕೊಡುವವನು ಬೀದಿಯಲ್ಲಿ ಕೂಗಿದಾಗಲೆಲ್ಲ ನನ್ನ ಹೆಂಡತಿ ಅದನ್ನು ಕೆಳಗಿಳಿಸುತ್ತಾಳೆ, ನಾನು ಮತ್ತೆ ಮೇಲಕ್ಕೇರಿಸುತ್ತೇನೆ. "ಅದು ನನ್ನ ಗುರು ಕಣೇ" ಎಂದರೆ, "ಹಂಗಾದ್ರೆ ನಿಮ್ಮ ಗುರುಗಳಿಗೆ ಹುಣಸೆಹಣ್ಣು ಹಾಕಿ ನೀವೇ ತಿಕ್ರಿ" ಎನ್ನುತ್ತಾಳೆ. ಅವಳ ಮಾತು ನಿಜ, ಆದರೆ ನನ್ನ ಮಾತೂ ಸುಳ್ಳಲ್ಲ.

ಅಮೃತೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿರುವ ನನ್ನ ಬಳಿಗೆ ಹುಡುಗರು ಬರುತ್ತಾರೆ, ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತರೂ ಬರುತ್ತಾರೆ. ಉದ್ಧಾರವಾಗುವುದಕ್ಕೆ ಏನು ಮಾಡಬೇಕು ಸಾರ್ ಎಂದು ಕೇಳುತ್ತಾರೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಿ, ತಣ್ಣೀರು ಸ್ನಾನ ಮಾಡಿ, ದಿನಕ್ಕಿಷ್ಟು ಹೊಸ ಪದ ಉರುಹೊಡೆಯಿರಿ ಎಂದು ನಾನು ಹೇಳಿಯೇನೆಂಬುದು ಅವರ ನಿರೀಕ್ಷೆ. ಓದುಗ ಮಿತ್ರನೇ, ನಿನ್ನಲ್ಲಿ ಮುಚ್ಚುಮರೆಯೇಕೆ, ಇವನ್ನೆಲ್ಲ ನಾನು ಮಾಡಿ ನೋಡಿದವನೇ. ತಣ್ಣೀರಿನ ಸ್ನಾನದಿಂದ ನನಗೆ ದಕ್ಕಿದ್ದು ನೆಗಡಿ. ಬೆಳಗಿನ ಜಾವ ಎದ್ದು ಕೂತದ್ದರಿಂದ ದಕ್ಕಿದ್ದು ಕೂತಲ್ಲೇ ನಿದ್ದೆ ಹೋಗುವ ಕಲೆ. ಉರುಹೊಡೆದ ಪದಗಳೋ, ಕರೆಯದೆ ಬಂದ ನೆಂಟರಂತೆ ಹೇಳದೆ ಹೊರಟೂ ಹೋದವು. ಆರಂಭಶೂರತ್ವದಲ್ಲಿ ಯುಗಾದಿಯ ದಿನ ನನ್ನನ್ನು ಸೋಲಿಸುವವರು ಗುಬ್ಬಿ ತಾಲ್ಲೂಕಿನಲ್ಲೇ ಇರಲಿಲ್ಲ. ನನ್ನನ್ನು ನಿಜವಾಗಿ ತಿದ್ದಿದ್ದು ಈ ಡಬ್ಬಿ, ಅದರಲ್ಲೂ ಇದು ಖಾಲಿಯಾಗಿದ್ದ ದಿನಗಳು.

ನಾನು ಗುಬ್ಬಿಯವನು. ಹೈಸ್ಕೂಲನ್ನು ಕನ್ನಡದಲ್ಲಿ ಓದಿ ಮುಗಿಸಿ ತುಮಕೂರಿಗೆ ಇಂಟರ್‌ಮೀಡಿಯೆಟ್ಟಿಗೆ ಹೋದೆ. ಅಲ್ಲಿ ಚರಿತ್ರೆಯೂ ಇಂಗ್ಲಿಷು, ತರ್ಕಶಾಸ್ತ್ರವೂ ಇಂಗ್ಲಿಷು, ಬಯ್ಗುಳವೂ ಇಂಗ್ಲಿಷು. ನಮ್ಮಂಥ ಹಳ್ಳಿ ಕಡೆಯ ಹುಡುಗರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ, ಮೇಷ್ಟರ ಕಣ್ಣು ನಮ್ಮ ಮೇಲೆ ಬೀಳದಿರಲೆಂದು ಮನೆದೇವರಿಗೆ ಹರಕೆ ಹೊರುತ್ತಿದ್ದೆವು. ಮೊದಲ ವರ್ಷದ ಕೊನೆಯ ಟೆಸ್ಟಿನಲ್ಲಿ ನಾನು ಇಂಗ್ಲಿಷಿನಲ್ಲಿ ಮುಗ್ಗರಿಸಿದೆ. ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಬಯ್ಯಲಿಲ್ಲ. "ನೋಡು ಸೀನ, ಮುಂದಿನ ವರ್ಷ ಪಬ್ಲಿಕ್ ಪರೀಕ್ಷೆ. ಅದ್ರಲ್ಲೂ ಡುಮ್ಕಿ ಹೊಡೆದ್ರೆ ಕಾಲೇಜು ಸಾಕು, ಮಂಡೀಲಿ ತಕ್ಕಡಿ ಹಿಡಿ. ಸಾಹುಕಾರ್ರಿಗೆ ಹೇಳಿಟ್ಟಿದೀನಿ" ಎಂದರು. ಓದಿ ಮೇಷ್ಟರಾಗಬೇಕೆಂಬುದು ನನ್ನ ಏಕೈಕ ಆಸೆಯಾಗಿತ್ತು, ಮಂಡಿಯ ಕೊಬ್ಬರಿ ಕಮಟು ನನ್ನ ಮೂಗಿಗೆ ಆಗಲೇ ಬಡಿಯತೊಡಗಿತ್ತು.

ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಗುಬ್ಬಿಯಿಂದ ತುಮಕೂರಿಗೆ ಪಾಸಿನ ಮೇಲೆ ಓಡಾಡುವ ಹುಡುಗರು ನಾವು ಏಳೆಂಟು ಮಂದಿ, ಒಂದೇ ರೈಲು ಡಬ್ಬಿಯಲ್ಲಿ ಕೂರುವವರು. ನಮ್ಮೊಳಗೆ ಹಿರಿಯರೆಂದರೆ ಶಿವನಂಜಪ್ಪನವರು. ಕುಣಿಗಲ್ಲಿನವರಾದರೂ ಗುಬ್ಬಿಯಲ್ಲಿ ಅಕ್ಕನ ಮನೆಯಲ್ಲಿದ್ದು, ತುಮಕೂರಿನ ಕಚೇರಿಯೊಂದಕ್ಕೆ ಹೊಸದಾಗಿ ಸೇರಿದ್ದರು. ಸಾಹೇಬರು ಇಂಗ್ಲಿಷಿನಲ್ಲಿ ಏನಾದರೂ ಕೇಳಿದರೆ 'ಎಸ್ಸಾರ್' ಎಂದು ಹೇಳಿ, ಕೇಳಿದ್ದೇನೆಂದು ಜವಾನನನ್ನು ಕೇಳಿಕೊಳ್ಳುತ್ತಿದ್ದರಂತೆ. ಮಡಿವಂತರು, ತಮ್ಮದೇ ಚೊಂಬಿನ ನೀರು ಬಿಟ್ಟು ಬೇರೆ ನೀರು ಮುಟ್ಟದವರು. ಇನ್ನೊಬ್ಬ ಅಮೀರ್. ಗುಬ್ಬಿ ಪೇಟೆಯ ದರ್ಜಿಯ ಮಗ, ನನ್ನ ಹೈಸ್ಕೂಲಿನ ಸಹಪಾಠಿ, ತುಮಕೂರಿನಲ್ಲಿ ರೇಡಿಯೋ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ದಿನವಿಡೀ ರೇಡಿಯೋದ ಇಂಗ್ಲಿಷ್ ವಾರ್ತೆ ಕಿವಿಗೆ ಬೀಳುತ್ತಿದ್ದುದರಿಂದ ನಮ್ಮೆಲ್ಲರಲ್ಲಿ ಅವನ ಇಂಗ್ಲಿಷೇ ಮೇಲು.

ಒಂದು ಬೆಳಿಗ್ಗೆ ಗುಬ್ಬಿ ಸ್ಟೇಷನ್ನಿನಲ್ಲಿ ಶಿವನಂಜಪ್ಪನವರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡರು. "ನಮ್ಮೂರ ಕುದುರೆ ಫಾರಮ್ಮಲ್ಲಿ ನಮ್ ಚಿಕ್ಕಪ್ಪ ಅವ್ರೆ. ಮರಿಗೆ ಮೊದ್ಲು ಲಗಾಮು ಹಾಕ್ತಾರೆ, ಓಟ ಆಮೇಲೆ ಕಲಿಸ್ತಾರೆ. ನಮ್ ನಾಲಿಗೆಗೂ ಹಂಗೇ ಆಗ್ಬೇಕು. ಇಲ್ಲಿ ರೈಲು ಹೊಂಟಾಗ್ಲಿಂದ ತುಮಕೂರಲ್ಲಿ ನಿಲ್ಲೋಗಂಟ ಇಂಗ್ಲಿಷು ಬಿಟ್ಟು ಬೇರೆ ಮಾತಿಲ್ಲ. ಕನ್ನಡದ ಒಂದು ಮಾತು ಬಿದ್ರೆ, ಆಡಿದೋನು ಬುತ್ತಿ ಡಬ್ಬಿ ತೆಗೀಬೇಕು, ಎಲ್ರೂ ಒಂದೊಂದು ತುತ್ತು ತಗೋತೀವಿ. ಬಾಯಿ ತೆರೆದ್ರೆ ಡಬ್ಬಿ ತೆರಿ!" ಎಂದರು. ನಾವು ಚಪ್ಪಾಳೆ ತಟ್ಟಿದೆವು, ಅಷ್ಟರಲ್ಲಿ ರೈಲು ಬಂತು.

ರೈಲು ಹೊರಟಿತು. 'ಗುಡ್ ಮಾರ್ನಿಂಗ್' ಎಂದರು ಶಿವನಂಜಪ್ಪ. 'ಗುಡ್ ಮಾರ್ನಿಂಗ್' ಎಂದೆವು ನಾವು. 'ಟುಡೇ ವೆರಿ ಹಾಟ್' ಎಂದ ಒಬ್ಬ. ಮಳೆಗಾಲದ ತಣ್ಣನೆಯ ಬೆಳಗಾಗಿದ್ದರೂ ನಿರಾಕರಿಸುವಷ್ಟು ಇಂಗ್ಲಿಷು ಯಾರಲ್ಲೂ ಇರಲಿಲ್ಲ. ಅಲ್ಲಿಗೆ ನಮ್ಮ ಬಂಡವಾಳ ಮುಗಿಯಿತು. ದಿನವೂ ಕಾಗೆಗಳಂತೆ ಗದ್ದಲ ಮಾಡುತ್ತಿದ್ದ ಅಷ್ಟೂ ಜನ ಕಿಟಕಿಯಾಚೆಯ ತೆಂಗಿನ ತೋಟಗಳನ್ನು ಗಂಭೀರವಾಗಿ ನೋಡುತ್ತ ಕೂತೆವು. ಎದುರು ಬೆಂಚಿನಲ್ಲಿ ವೀಳ್ಯದೆಲೆಯ ಕುಕ್ಕೆ ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಯಾರಪ್ಪಾ ತೀರ್‌ಕೊಂಡಿದ್ದು?" ಎಂದಳು. ನಾನು ತಡೆಯಲಾರದೆ "ಯಾರೂ ಇಲ್ಲ ಕಣಜ್ಜಿ!" ಎಂದುಬಿಟ್ಟೆ. ಮೊದಲ ದಿನದ ಮೊದಲ ಡಬ್ಬಿ ನನ್ನದೇ ತೆರೆಯಿತು.

ಹಾಗೆ ತೆರೆದದ್ದು ಮುಚ್ಚಲೇ ಇಲ್ಲ ಎನ್ನಬೇಕು. ನಾನು ಹುಟ್ಟು ಮಾತುಗಾರ. ಮೇಲಾಗಿ ಅಮ್ಮನ ಪುಳಿಯೋಗರೆ ಎಂಥದೆಂದು ಆ ದಿನ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಅಲ್ಲಿಂದ ನನ್ನಿಂದ ಕನ್ನಡ ಹೊರಡಿಸುವುದೇ ಆ ರೈಲು ಡಬ್ಬಿಯವರ ಕುಲಕಸುಬಾಯಿತು. ಒಬ್ಬ ನನ್ನ ಕಾಲು ತುಳಿದ. "ಅಯ್ಯೋ!" ಎಂದೆ. ಅಯ್ಯೋ ಎನ್ನುವುದು ಕನ್ನಡವೋ ಅಲ್ಲವೋ ಎಂದು ಕೈಸನ್ನೆಯಲ್ಲೇ ವಾದ ನಡೆಯಿತು. ತೀರ್ಪು ಕೊಡಬೇಕಾದ ಶಿವನಂಜಪ್ಪನವರು ತುಮಕೂರು ಸ್ಟೇಷನ್ ಬಂದ ಮೇಲೆ ಬಾಯಿಬಿಟ್ಟು, "ನೋವಾದಾಗ ಬರೋ ಮಾತು ಯಾವ್ದೋ ಅದೇ ಕಣಪ್ಪ ನಮ್ ಮಾತು. ಅದು ಕನ್ನಡವೇ" ಎಂದು ಹೇಳಿ, ಪ್ಲಾಟ್‌ಫಾರಮ್ಮಿನ ಮೇಲೆಯೇ ನನ್ನ ಡಬ್ಬಿಗೆ ಕೈಹಾಕಿಸಿದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನನ್ನ ಪಾಲಿಗೆ ಮಾತೆಂದರೆ ಪುಳಿಯೋಗರೆಯೇ ಆಗಿಹೋಯಿತು. ಸಂಜೆ ಹಸಿದು ಮನೆಗೆ ಬಂದು ಪಾತ್ರೆಗಳಿಗೆ ಕೈಹಾಕುತ್ತಿದ್ದ ನನ್ನನ್ನು ಕಂಡು ಅಮ್ಮ, "ಓದೋ ಮಕ್ಕಳಿಗೆ ಹಸಿವು ಜಾಸ್ತಿ ಕಣ್ರೀ" ಎಂದು ಅಪ್ಪನಿಗೆ ಹೆಮ್ಮೆಯಿಂದ ಹೇಳಿ, ಡಬ್ಬಿಯನ್ನು ಇನ್ನಷ್ಟು ಒತ್ತಿ ತುಂಬಿದಳು. ರೈಲಿನಲ್ಲಿ ತುತ್ತುಗಳು ಇನ್ನಷ್ಟು ದೊಡ್ಡವಾದವು.

ಈಗ ನೋಡು ಮಿತ್ರ, ಅಭ್ಯಾಸ ಎಂಬುದು ಎಂಥ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. ಮಧ್ಯಾಹ್ನ ಸಹಪಾಠಿಗಳು ಕಾಲೇಜಿನ ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುವ ಹೊತ್ತಿಗೆ ನನ್ನ ಡಬ್ಬಿಯಲ್ಲಿ ಒಗ್ಗರಣೆಯ ಸಾಸಿವೆ ಮಾತ್ರ ಉಳಿದಿರುತ್ತಿತ್ತು. ಉಣ್ಣುವವರ ಎದುರು ಕೂರಲಾಗದು, ಹೋಟೆಲಿಗೆ ಹೋಗಲು ಕಿಸೆ ಒಪ್ಪದು. ಉಳಿದದ್ದು ಒಂದೇ ಜಾಗ, ವಾಚನಾಲಯ. ಅಲ್ಲಿ ತಣ್ಣಗಿರುತ್ತಿತ್ತು, ಒಗ್ಗರಣೆಯ ವಾಸನೆ ಬರುತ್ತಿರಲಿಲ್ಲ. ಸುಮ್ಮನೆ ಕೂತರೆ ಅಟೆಂಡರು ಎಬ್ಬಿಸಿ ಕಳಿಸುತ್ತಿದ್ದುದರಿಂದ ಇಂಗ್ಲಿಷ್ ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿಯತೊಡಗಿದೆ. ಮೊದಮೊದಲು ಹಿಡಿದದ್ದು ಹಸಿವನ್ನು ಮರೆಯುವುದಕ್ಕೆ. ಆಮೇಲೆ ಕ್ರಿಕೆಟ್ಟಿನ ಸುದ್ದಿಗೆ. ಆಮೇಲೆ ಸಂಪಾದಕರಿಗೆ ಜನ ಬರೆದ ಜಗಳದ ಪತ್ರಗಳಿಗೆ. ಯಾವ ದಿನದಿಂದ ನಾನು ಪದಕೋಶವಿಲ್ಲದೆ ಓದತೊಡಗಿದೆನೋ ನನಗೇ ತಿಳಿಯಲಿಲ್ಲ. ಒಂದು ದಿನ ತರ್ಕಶಾಸ್ತ್ರದ ಮೇಷ್ಟರು ಕೇಳಿದ ಪ್ರಶ್ನೆಗೆ ಹಿಂದಿನ ಬೆಂಚಿನಿಂದ ಎದ್ದು, ಅವಸರಿಸದೆ, ವಾಕ್ಯವನ್ನು ಮೊದಲು ಮನಸ್ಸಿನಲ್ಲಿ ಕಟ್ಟಿಕೊಂಡು ಉತ್ತರ ಹೇಳಿದೆ. ರೈಲಿನಲ್ಲಿ ಡಬ್ಬಿಯ ಭಯದಿಂದ ಬಾಯಿಗೆ ಮುಂಚೆ ತಲೆಯನ್ನು ಬಳಸುವ ರೂಢಿಯಾಗಿತ್ತಲ್ಲ, ಅದು ಅಲ್ಲಿ ಕೈ ಹಿಡಿಯಿತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಊಟವನ್ನೂ ಮಾತನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ನಮ್ಮ ಹಿರಿಯರು ಎಂದಾದರೂ ಪ್ಯಾಸೆಂಜರ್ ರೈಲು ಹತ್ತಿದ್ದರೇನೋ ಎಂದು ನನಗೆ ಅನುಮಾನ.

ಇಡೀ ವರ್ಷದಲ್ಲಿ ಒಮ್ಮೆಯೂ ದಂಡ ತೆರದವನು ಅಮೀರ್ ಒಬ್ಬನೇ. ಮೊದಲಲ್ಲಿ ಅವನು ಮನೆಮಾತಾದ ಉರ್ದುವಿನಲ್ಲಿ ಧಾರಾಳವಾಗಿ ಹರಟುತ್ತಿದ್ದ, ನಿಯಮದಲ್ಲಿ ಕನ್ನಡದ ಹೆಸರಷ್ಟೇ ಇದೆಯೆಂದು. ಅದನ್ನೂ ಸೇರಿಸಿ ನಿಯಮ ತಿದ್ದಿದ ಮೇಲೆ ಅವನು ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಹೇಳುವನು, ಇಲ್ಲವೆ ಸುಮ್ಮನಿರುವನು. ಕಾಲು ತುಳಿದರೂ ತುಟಿ ಕಚ್ಚಿ ನಗುವನು. "ಕಲಿಯೋದಂದ್ರೆ ಅವ್ನ ಥರ ಕಲೀಬೇಕು ಕಣ್ಲಾ, ಎಂಥಾ ಲಗಾಮು ನೋಡು!" ಎಂದು ಶಿವನಂಜಪ್ಪನವರು ಸ್ಟೇಷನ್ನಿನಲ್ಲಿ ನನ್ನನ್ನು ಚುಚ್ಚುತ್ತಿದ್ದರು. ನನಗೂ ಅವನ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿತ್ತು.

ಪರೀಕ್ಷೆ ಮುಗಿಯಿತು, ಬೇಸಿಗೆ ಕಳೆಯಿತು, ಫಲಿತಾಂಶದ ದಿನ ಬಂತು. ಪತ್ರಿಕೆಯಲ್ಲಿ ನಂಬರು ಬರುವುದು ಆಗಿನ ಪದ್ಧತಿ. ತುಮಕೂರಿಗೆ ಹೋಗಿ ನೋಡೋಣವೆಂದು ಬೆಳಿಗ್ಗೆ ಅದೇ ರೈಲು ಹತ್ತಿದೆ. ಮನೆಯಲ್ಲಿ ಅಪ್ಪ ಮಂಡಿಗೆ ಹೋಗದೆ ಜಗುಲಿಯ ಮೇಲೆ ಕೂತುಬಿಟ್ಟಿದ್ದರು. ಮಲ್ಲಸಂದ್ರದಲ್ಲಿ ಕ್ರಾಸಿಂಗಿಗೆ ನಮ್ಮ ರೈಲು ನಿಂತಿತು. ಬೆಂಗಳೂರಿನ ಕಡೆಯಿಂದ ಬಂದ ರೈಲು ಪಕ್ಕದಲ್ಲಿ ನಿಂತದ್ದೇ, ಅದರ ಕಿಟಕಿಯೊಂದರಲ್ಲಿ ಯಾರೋ ಅಂದಿನ ಪತ್ರಿಕೆ ಬಿಡಿಸಿದ್ದು ಕಂಡಿತು. ನಾನು ಹಾಲ್ ಟಿಕೆಟ್ ಹೊರತೆಗೆದು ನಂಬರನ್ನು ಇನ್ನೊಮ್ಮೆ ಓದಿಕೊಂಡೆ. ಅಮೀರ್ ನನ್ನ ಕೈಯಿಂದ ಹಾಲ್ ಟಿಕೆಟ್ ಕಿತ್ತುಕೊಂಡು ಕೆಳಗೆ ಹಾರಿ, ಆ ಕಿಟಕಿಗೆ ಜೋತುಬಿದ್ದು, ಬೆರಳಿಟ್ಟು ಹುಡುಕಿದ. ನಮ್ಮ ಡಬ್ಬಿಯಲ್ಲಿ ಯಾರೂ ಉಸಿರೆತ್ತಲಿಲ್ಲ, ಇಂಗ್ಲಿಷಿನಲ್ಲೂ.

ಅವನು ಓಡಿ ಬಂದು ಬಾಗಿಲಲ್ಲಿ ನಿಂತ. 'ಯೂ ಹ್ಯಾವ್ ಪಾಸ್ಡ್' ಎನ್ನುವುದು ಅವನಿಗೆ ಎಷ್ಟರ ಮಾತು! ಆದರೆ ಅವನು ಇಡೀ ರೈಲಿಗೆ ಕೇಳುವಂತೆ, "ಪಾಸಾಗ್‌ಬುಟ್ಟೆ ಕಣ್ಲಾ ಸೀನ! ಪಾಸಾಗ್‌ಬುಟ್ಟೆ!" ಎಂದು ಕೂಗಿದ.

ಎಲ್ಲರೂ ಹೋ ಎಂದೆದ್ದರು. ಅಷ್ಟರಲ್ಲಿ ಅವನಿಗೆ ತಾನು ಏನು ಮಾಡಿದೆನೆಂದು ನೆನಪಾಗಿ ಮುಖ ಇಳಿಯಿತು. ಮೆಲ್ಲಗೆ ಹೋಗಿ ಗೂಟದಿಂದ ತನ್ನ ಚೀಲ ತೆಗೆದ. ಬಟ್ಟೆಯ ಗಂಟು ಬಿಚ್ಚಿ, ಡಬ್ಬಿಯ ಮುಚ್ಚಳ ತೆರೆದು, ಎರಡೂ ಕೈಯಲ್ಲಿ ಮುಂದೆ ಹಿಡಿದ.

"ದಂಡ," ಎಂದ. "ಬೇಕಾದ್ರೆ ತಗೊಳ್ಳಿ. ಬ್ಯಾಡಾಂದ್ರೂ ಏನಿಲ್ಲ. ಚಪಾತಿ, ಆಲೂಗಡ್ಡೆ ಪಲ್ಯ, ಅಷ್ಟೇ. ನೀವು ಈ ಆಟ ಸುರು ಮಾಡ್ದಾಗ್ಲಿಂದ ಅಮ್ಮ ದಿನಾ ತರಕಾರಿನೇ ಕಟ್ತಾವ್ರೆ, ಯಾವತ್ತಾದ್ರೂ ತೆಗೀಬೇಕಾದ್ರೆ ಅಂತ."

ಲಗಾಮು ಎಂದು ನಾವು ಹೊಗಳುತ್ತಿದ್ದುದು ಲಗಾಮಾಗಿರಲಿಲ್ಲ. ತೆರೆದ ಡಬ್ಬಿಗೆ ಯಾರೂ ಕೈಹಾಕದೆ ಹೋದರೆ ಎಂಬ ಒಂದು ಅಂಜಿಕೆಯಿಂದ ಆ ಹುಡುಗ ವರ್ಷವಿಡೀ ಬಾಯಿ ಬಿಗಿದುಕೊಂಡಿದ್ದ. ಅವನ ತಾಯಿ, ನಮ್ಮನ್ನು ಕಣ್ಣಿನಿಂದಲೂ ಕಂಡಿರದವಳು, ವರ್ಷವಿಡೀ ನಮ್ಮ ಕೈ ಬರಬಹುದೆಂದು ಬುತ್ತಿ ಕಟ್ಟಿದ್ದಳು. ನಾನು ಡಬ್ಬಿಯತ್ತ ಕೈ ಚಾಚಿದೆ. ಆದರೆ ನನ್ನ ಕೈಗಿಂತ ಮುಂಚೆ ಅಲ್ಲಿ ಇನ್ನೊಂದು ಕೈ ತಲುಪಿತ್ತು, ಶಿವನಂಜಪ್ಪನವರದು. ಅವರು ಚಪಾತಿ ಮುರಿದು, ಪಲ್ಯ ಸೇರಿಸಿ ಬಾಯಿಗಿಟ್ಟುಕೊಂಡು, ಸಾವಕಾಶವಾಗಿ ಅಗಿದು ನುಂಗಿದರು.

"ಉಪ್ಪು ಒಸಿ ಕಮ್ಮಿ ಆಗೈತೆ ಕಣಪ್ಪ, ನಿಮ್ಮಮ್ಮಂಗೆ ಹೇಳು" ಎಂದರು.

ಕನ್ನಡ! ಎಂದು ನಾವೆಲ್ಲ ಕನ್ನಡದಲ್ಲೇ ಕೂಗಿದೆವು. ಅವರ ಡಬ್ಬಿಯೂ ತೆರೆಯಿತು, ನನ್ನದೂ ತೆರೆಯಿತು, ಒಂದಾದ ಮೇಲೊಂದು ಎಲ್ಲವೂ ತೆರೆದವು. ನೂಕುನುಗ್ಗಲಿನಲ್ಲಿ ನನ್ನ ಮುಚ್ಚಳ ಯಾರದೋ ಕಾಲ ಕೆಳಗೆ ಸಿಕ್ಕಿ ನೆಗ್ಗಿತು. ತುಮಕೂರು ಬರುವವರೆಗೆ ಒಂದು ವರ್ಷದ ಬಾಕಿ ಮಾತನ್ನೆಲ್ಲ ಆಡಿ ಮುಗಿಸಿದೆವು. ಅಮೀರನಷ್ಟು ಮಾತಾಡಿದವರು ಅಂದು ಯಾರೂ ಇರಲಿಲ್ಲ.

ಉದ್ಧಾರದ ದಾರಿ ಕೇಳಿಕೊಂಡು ಬರುವ ಹುಡುಗರಿಗೆ ನಾನು ಈ ಕಥೆ ಹೇಳುತ್ತೇನೆ. ಒಳ್ಳೆಯ ಜೊತೆ ಕಟ್ಟಿಕೊಳ್ಳಿ, ನಿಯಮ ಮಾಡಿಕೊಳ್ಳಿ, ಸ್ವಲ್ಪ ಹಸಿವಿರಲಿ. ನಿಮ್ಮ ಇಂಗ್ಲಿಷು ಖಂಡಿತ ಸುಧಾರಿಸುತ್ತದೆ, ನನ್ನದು ಸುಧಾರಿಸಿತು, ಅದೇ ನನಗೆ ಅನ್ನ ಕೊಟ್ಟಿತು. ಆದರೆ ಆ ಡಬ್ಬಿಯಲ್ಲಿ ಎಲ್ಲರಿಗಿಂತ ದೊಡ್ಡ ಅಭ್ಯಾಸ ನಡೆಸಿದವಳು ರೈಲನ್ನೇ ಹತ್ತದ ಆ ತಾಯಿ. ದಿನವೂ, ಯಾರೂ ನೋಡದಿದ್ದರೂ, ಎಂದು ತೆರೆದರೂ ಇನ್ನೊಬ್ಬರು ಕೈಹಾಕುವ ಹಾಗೆ ಸಿದ್ಧವಾಗಿರುವುದು. ಇದಕ್ಕಿಂತ ಹೆಚ್ಚಿನ ಆತ್ಮೋನ್ನತಿಯ ಪಾಠವನ್ನು ನಾನಂತೂ ಎಲ್ಲೂ ಓದಿಲ್ಲ.

ಮೊನ್ನೆ ಕಲಾಯಿಯವನು ಅಮೃತೂರಿಗೆ ಬಂದಾಗ ಮೆಂತ್ಯವನ್ನು ಬೇರೆ ಡಬ್ಬಕ್ಕೆ ಸುರಿದು, ಹುಣಸೆಹಣ್ಣು ಹಾಕಿ ನಾನೇ ತಿಕ್ಕಿ, ಗುರುವಿಗೆ ಕಲಾಯಿ ಹಾಕಿಸಿದೆ. ನೆಗ್ಗಿದ ಮುಚ್ಚಳವನ್ನು ಮಾತ್ರ ತಟ್ಟಿ ಸರಿಮಾಡಲು ಬಿಡಲಿಲ್ಲ. ಈಗ ಶಾಲೆಗೆ ಅದರಲ್ಲೇ ಬುತ್ತಿ ಒಯ್ಯುತ್ತೇನೆ.

"ಇನ್ನೂ ಸ್ವಲ್ಪ ಹಾಕು" ಎಂದರೆ ಹೆಂಡತಿ ಸೌಟು ಹಿಡಿದು ನಿಲ್ಲುತ್ತಾಳೆ. "ಅಲ್ರೀ, ಒಬ್ಬರಿಗೆ ಇಷ್ಟೊಂದು ಯಾಕೆ?"

"ಯಾವತ್ತಾದ್ರೂ ತೆಗೀಬೇಕಾದ್ರೆ ಅಂತ" ಎನ್ನುತ್ತೇನೆ.